ಕರ್ಮಪೂರಕದ ಒಂದು ಪಾಠ

ವಡಗೇರಾದ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣವನ್ನು ಬೋಧಿಸುತ್ತಿದ್ದ ದಿನಗಳಲ್ಲಿ ನನ್ನನ್ನು ಬಹುವಾಗಿ ಕಾಡಿದ ಪ್ರಕರಣವೆಂದರೆ ಆಬ್ಜೆಕ್ಟ್ ಕಾಂಪ್ಲಿಮೆಂಟ್. ನಮ್ಮ ಪರಿಭಾಷೆಯಲ್ಲಿ ಕರ್ಮಪೂರಕ. ಕರ್ಮಪದವನ್ನು ಗುರುತಿಸುವುದು ಬಾಲಕರಿಗೆ ಕಷ್ಟವಾಗುತ್ತಿರಲಿಲ್ಲ. ಆ ಕರ್ಮವು ಏನಾಯಿತು, ಅಥವಾ ಅದನ್ನು ಏನೆಂದು ಬಗೆದರು ಎಂಬುದನ್ನು ಹೇಳಿ ವಾಕ್ಯಾರ್ಥವನ್ನು ಪೂರ್ತಿಗೊಳಿಸುವ ಪದದ ಮುಂದೆ ಮಾತ್ರ ಅವರು ನಿಂತುಬಿಡುತ್ತಿದ್ದರು.

ಇದಕ್ಕೆ ಮಕ್ಕಳ ಮಂದಬುದ್ಧಿ ಕಾರಣವಲ್ಲ; ಎರಡು ಭಾಷೆಗಳ ಜಾಯಮಾನವೇ ಬೇರೆ. 2017ರ ರಾಜ್ಯ ಮುಂಗಡಪತ್ರವು ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ, ಅದುವರೆಗೆ ಶಹಾಪುರಕ್ಕೆ ಸೇರಿದ್ದ ವಡಗೇರಾವೂ ಒಂದು. ಇದನ್ನು ನಾವು ‘ಸರ್ಕಾರವು ವಡಗೇರಾವನ್ನು ತಾಲ್ಲೂಕನ್ನಾಗಿ ಮಾಡಿತು’ ಎನ್ನುತ್ತೇವೆ. ಇಲ್ಲಿ ‘ಆಗಿ’ ಎಂಬುದೇ ಪೂರಕದ ಗುರುತು. ‘ಮಗುವಿಗೆ ಬಸವನೆಂದು ಹೆಸರಿಟ್ಟರು’ ಎನ್ನುವಾಗ ‘ಎಂದು’ ಬರುತ್ತದೆ. ‘ಬಾಗಿಲಿಗೆ ಕೆಂಪು ಬಣ್ಣ ಬಳಿದರು’ ಎನ್ನುವಾಗ ವಾಕ್ಯದ ರೂಪವೇ ಬೇರೆಯಾಗುತ್ತದೆ. ಇಂಗ್ಲಿಷಿನಲ್ಲಾದರೋ ಈ ಮೂರಕ್ಕೂ ಪ್ರತ್ಯಯವಿಲ್ಲ. ಕರ್ಮದ ಬೆನ್ನಿಗೆ ನಿಲ್ಲುವ ಸ್ಥಾನವೇ ಗುರುತು. ‘ದೇ ಪೇಂಟೆಡ್ ದಿ ಡೋರ್ ರೆಡ್’ ಎಂದರೆ ಬಾಗಿಲು ಕೆಂಪಾಯಿತು. ‘ದೇ ಪೇಂಟೆಡ್ ದಿ ರೆಡ್ ಡೋರ್’ ಎಂದರೆ ಮೊದಲೇ ಕೆಂಪಾಗಿದ್ದ ಬಾಗಿಲಿಗೆ ಯಾವುದೋ ಬಣ್ಣ ಬಳಿದರು.

ಇನ್ನೊಂದು ತೊಡಕುಂಟು. ‘ಹಿ ಮೇಡ್ ಹಿಸ್ ಸನ್ ಎ ಚೇರ್’, ‘ಹಿ ಮೇಡ್ ಹಿಸ್ ಸನ್ ಎ ಟೀಚರ್’ — ಇವೆರಡೂ ನೋಟಕ್ಕೆ ಅವಳಿಜವಳಿ. ಮಗನು ಕುರ್ಚಿಯಲ್ಲ, ಆದುದರಿಂದ ಮೊದಲನೆಯದರಲ್ಲಿ ಇರುವುವು ಎರಡು ಕರ್ಮಗಳು. ಮಗನೇ ಶಿಕ್ಷಕನು, ಆದುದರಿಂದ ಎರಡನೆಯದರಲ್ಲಿ ಇರುವುದು ಪೂರಕ. ಡೆನ್ಮಾರ್ಕಿನ ವೈಯಾಕರಣ ಓಟೊ ಯೆಸ್ಪರ್ಸನ್ 1924ರ ತಮ್ಮ ಗ್ರಂಥದಲ್ಲಿ ಇಂಥ ಕರ್ಮ ಮತ್ತು ಪೂರಕಗಳ ನಡುವೆ ಕರ್ತೃ-ಆಖ್ಯಾತಗಳ ಸಂಬಂಧವನ್ನೇ ಕಂಡರು. ಎಂದರೆ, ಹಿರಿಯ ವಾಕ್ಯದ ಒಡಲಲ್ಲಿ ‘ಮಗನು ಶಿಕ್ಷಕನು’ ಎಂಬ ಕಿರುವಾಕ್ಯವೊಂದು ಅಡಗಿದೆ.

ಇದನ್ನು ಮೂರನೆಯ ಸಲ ವಿವರಿಸಿದ ದಿನ, ತಪ್ಪು ಉತ್ತರವಿತ್ತ ಹುಡುಗನೊಬ್ಬನನ್ನು ತರಗತಿಯೆದುರು ದಡ್ಡನೆಂದು ಕರೆದೆನು. ಎಲ್ಲರೂ ಒಂದೊಂದು ಸ್ವಂತ ಉದಾಹರಣೆಯನ್ನು ಬರೆದು ತರಬೇಕೆಂದೂ ಹೇಳಿದೆನು. ಮರುದಿನ ಅವನ ಹಾಳೆಯಲ್ಲಿ ಇದ್ದ ವಾಕ್ಯವಿದು: ‘ದಿ ಟೀಚರ್ ಕಾಲ್ಡ್ ಮಿ ಎ ಫೂಲ್.’

ವ್ಯಾಕರಣದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಕರ್ಮವು ಅವನು, ಪೂರಕವನ್ನು ಕೂಡಿಸಿದವನು ನಾನು. ಪೂರ್ಣಾಂಕವಿತ್ತು, ತರಗತಿಯೆದುರೇ ಅವನ ಕ್ಷಮೆ ಬೇಡಿದೆನು. ಅವನು ತಲೆ ತಗ್ಗಿಸಿ, “ವಾಕ್ಯ ಸರಿ ಐತೇನ್ರಿ ಸರ್?” ಎಂದಷ್ಟೇ ಕೇಳಿದನು.

ಹಿಂದಿನ ಇಂಗ್ಲಿಷ್ ವ್ಯಾಕರಣಗಳು ಮೇಕ್, ಕಾಲ್ ಮೊದಲಾದ ಕ್ರಿಯಾಪದಗಳನ್ನು ಒಟ್ಟಾಗಿ ‘ಫ್ಯಾಕ್ಟಿಟಿವ್’ ಎಂದು ಕರೆದವು. ಆ ಹೆಸರಿನ ಮೂಲವು ‘ಮಾಡು’ ಎಂಬರ್ಥದ ಲ್ಯಾಟಿನ್ ಧಾತು. ಕರೆಯುವುದನ್ನೂ ಮಾಡುವುದರ ಸಾಲಿಗೇ ಸೇರಿಸಿದ ಆ ವರ್ಗೀಕರಣವು ಶಿಕ್ಷಕನಾದವನಿಗೆ ಎಚ್ಚರಿಕೆಯ ಮಾತಾಗಿದೆ. ಮಗುವನ್ನು ದಿನವೂ ಏನೆಂದು ಕರೆಯುವೆವೋ ಕ್ರಮೇಣ ಅದನ್ನೇ ಆಗಿಸುವ ಅಪಾಯವಿದೆ. ದೀಕ್ಷೆಯು ಭವಿಯನ್ನು ಭಕ್ತನನ್ನಾಗಿ ಮಾಡುತ್ತದೆಂದು ನಂಬಿದ ಪರಂಪರೆ ನಮ್ಮದು. ಶ್ರೀಮಠದ ನೆರಳಿನಲ್ಲಿ ಕಲಿಸುವ ನಾವು ಮಕ್ಕಳಿಗೆ ಕೂಡಿಸುವ ಪೂರಕಗಳನ್ನು ಆಯ್ದು ಆಡುವಂತಾಗಲಿ. ಆ ಬಾಲಕನ ಹಾಳೆಯು ಇಂದಿಗೂ ನನ್ನ ವ್ಯಾಕರಣ ಪುಸ್ತಕದೊಳಗೆ ಇದೆ.