ಆಯಾ ಆಡಿದ ಮಾತು
2019ರ ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿ ನವಲಗುಂದ ಸೀಮೆಯ ಹಾದಿಗಳು ಮುಳುಗಿದವು. ಇಂಥ ನಾಡಿನಲ್ಲಿ ಹೆತ್ತ ತಾಯಿಗೆ ರಕ್ತ ನಿಲ್ಲದಿದ್ದರೆ ಹುಬ್ಬಳ್ಳಿ ಬಲು ದೂರ. ಅರ್ಧ ಲೀಟರ್ ದಾಟಿತೆಂದರೆ ಅಪಾಯ.

ಆಗ ಹೆರಿಗೆ ಕೋಣೆಯಲ್ಲಿ "ಯಾರಾದ್ರೂ ಇಂಜೆಕ್ಷನ್ ಕೊಡ್ರಿ" ಎಂದು ಕೂಗಿದರೆ ಕೆಲಸ ಯಾರದೂ ಆಗದು. "ಸಿಸ್ಟರ್, ನೀವು ಆಕ್ಸಿಟೋಸಿನ್ 10 ಯೂನಿಟ್ ಕೊಡ್ರಿ" ಎನ್ನುವವರೇ ಮುಂದಾಳು. "10 ಯೂನಿಟ್ ಕೊಟ್ಟೆನ್ರೀ" ಎಂಬ ಉತ್ತರ ಬರುವತನಕ ಆ ಮಾತು ಮುಗಿಯಲಿಲ್ಲ. 108 ಗಾಡಿ ಹೊರಡುವ ಮೊದಲೇ ದೊಡ್ಡಾಸ್ಪತ್ರೆಗೆ ರಕ್ತದ ಗುಂಪು ತಿಳಿದಿರಬೇಕು.

ಆದರೆ ತೊಯ್ದ ಬಟ್ಟೆ ಬದಲಿಸುವ ಆಯಾಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. "ಸಾಹೇಬ್ರ, ಇನ್ನೂ ನಿಂತಿಲ್ರೀ" ಎನ್ನಲು ಆಕೆ ಅಂಜಬಾರದು. ದೊಡ್ಡವರೆದುರು ಸುಮ್ಮನಿರುವ ರೂಢಿ ಆ ಹೊಸ್ತಿಲ ಹೊರಗೇ ಉಳಿಯಲಿ.