ದುಬೈಗೆ ಹೊರಡುವ ಮುನ್ನ

ಉದ್ಯೋಗವನ್ನರಸಿ ಪರದೇಶಕ್ಕೆ ತೆರಳುವುದು ಇಂದು ನಮ್ಮ ಮನೆಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಗನಿಗೋ ಮಗಳಿಗೋ ದುಬೈಯಲ್ಲಿ ಕೆಲಸ ದೊರೆಯಿತೆಂದೊಡನೆ ಮನೆಮಂದಿಯೆಲ್ಲ ಸಂಭ್ರಮದಿಂದ ಪೆಟ್ಟಿಗೆ ಕಟ್ಟಲು ತೊಡಗುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿಗಳು ಮೊದಲು ಸಿದ್ಧವಾಗುತ್ತವೆ. ಹೋಗಲಿರುವ ಊರಿನ ರೀತಿ ನೀತಿಗಳನ್ನು ತಿಳಿಯುವ ಸಿದ್ಧತೆ ಮಾತ್ರ ಹಲವೊಮ್ಮೆ ಹಿಂದುಳಿಯುತ್ತದೆ. ಆ ಕೊರತೆಯನ್ನು ಅಷ್ಟಿಷ್ಟು ತುಂಬುವ ಉದ್ದೇಶದಿಂದ ಇಲ್ಲಿ ಕೆಲವು ಮಾತುಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ದುಬೈ ನಮಗೆ ತೀರ ಅಪರಿಚಿತವಾದ ನಗರವೇನೂ ಅಲ್ಲ. ಕಡಲು ನೆಲದೊಳಕ್ಕೆ ಚಾಚಿಕೊಂಡಿರುವ ಒಂದು ಕವಲಿನ ಎರಡು ದಂಡೆಗಳ ಮೇಲೆ ಹಳೆಯ ಊರು ಬೆಳೆಯಿತು. ಒಂದು ದಂಡೆ ಬರ್ ದುಬೈ, ಇನ್ನೊಂದು ದೇರಾ. ಇಂದಿಗೂ 'ಅಬ್ರಾ' ಎಂಬ ಮರದ ದೋಣಿಗಳು ಅಲ್ಪ ಶುಲ್ಕಕ್ಕೆ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುತ್ತವೆ. ಮುತ್ತು, ಬಟ್ಟೆ, ಚಿನ್ನಗಳ ವ್ಯಾಪಾರದಿಂದ ಭಾರತಕ್ಕೂ ಈ ಬಂದರಿಗೂ ಹಳೆಯ ನಂಟು. 1966ರವರೆಗೆ ಅಲ್ಲಿ ರೂಪಾಯಿಯೇ ಚಲಾವಣೆಯಲ್ಲಿತ್ತು. ಅದೇ ವರ್ಷ ತೈಲ ದೊರೆಯಿತು. 1971ರ ಡಿಸೆಂಬರ್ 2ರಂದು ಸಂಯುಕ್ತ ಅರಬ್ ಸಂಸ್ಥಾನ ಉದಯಿಸಿತು. ಇಂದು ನಗರದ ನಿವಾಸಿಗಳಲ್ಲಿ ಬಹುಪಾಲು ಪರದೇಶೀಯರೇ. ಕರಾಮಾ ಬಡಾವಣೆಯಲ್ಲಿ ನಡೆದುಹೋಗುವವನಿಗೆ ಮಲಯಾಳ, ಹಿಂದಿ, ತುಳು, ಕನ್ನಡಗಳು ಕಿವಿಗೆ ಬೀಳುತ್ತವೆ. ಇಡ್ಲಿ ದೋಸೆಗಳ ಪರಿಮಳ ಮೂಗಿಗೆ ಬಡಿಯುತ್ತದೆ.

ಈ ಆಪ್ತತೆಯೇ ಹಲವರನ್ನು ಮೈಮರೆಸುತ್ತದೆ. ಊರು ನಮ್ಮದೆನಿಸಿದರೂ ಅಲ್ಲಿನ ಕಾನೂನು ನಮ್ಮದಲ್ಲ. ನಮ್ಮಲ್ಲಿ ಸಹಜವಾದುದು ಅಲ್ಲಿ ಅಪರಾಧವಾಗಬಹುದು. ಇದನ್ನು ನೆನಪಿನಲ್ಲಿಟ್ಟು ಹೊರಡುವವರಿಗೆ ಆ ನಗರ ಸುಖದಾಯಕವೇ ಸರಿ.

ಮೊದಲನೆಯದಾಗಿ ಪೆಟ್ಟಿಗೆಯ ಮಾತು. ಹಬ್ಬದ ಪಾಯಸಕ್ಕೆಂದು ತಾಯಿ ಪ್ರೀತಿಯಿಂದ ಕಟ್ಟಿಕೊಡುವ ಗಸಗಸೆ ಅಲ್ಲಿ ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ ಅದನ್ನು ಮಾದಕ ದ್ರವ್ಯಗಳ ಸಾಲಿನಲ್ಲಿಟ್ಟಿದ್ದಾರೆ. ಒಂದು ಹಿಡಿ ಗಸಗಸೆ ವಿಮಾನ ನಿಲ್ದಾಣದಿಂದ ಸೆರೆಮನೆಗೆ ದಾರಿ ತೋರಬಲ್ಲದು. ಔಷಧಗಳ ವಿಷಯದಲ್ಲೂ ಎಚ್ಚರ ಅಗತ್ಯ. ನಿದ್ರೆಯ ಮಾತ್ರೆ, ಕೊಡೀನ್ ಬೆರೆತ ಕೆಮ್ಮಿನ ಔಷಧ, ಟ್ರಾಮಡಾಲ್‌ನಂತಹ ನೋವುನಿವಾರಕಗಳಿಗೆ ಅಲ್ಲಿನ ಸರ್ಕಾರದ ಪೂರ್ವಾನುಮತಿ ಬೇಕು. ವೈದ್ಯರ ಚೀಟಿಯನ್ನೂ ಜೊತೆಗೆ ಒಯ್ಯತಕ್ಕದ್ದು. ಬೇರೆಯವರು 'ತಲುಪಿಸಿಬಿಡಿ' ಎಂದು ಕೊಡುವ ಪೊಟ್ಟಣವನ್ನು, ಅವರು ಎಷ್ಟೇ ಪರಿಚಿತರಾಗಿದ್ದರೂ, ಬಿಚ್ಚಿ ನೋಡದೆ ಸ್ವೀಕರಿಸಲಾಗದು.

ಎರಡನೆಯದು ಕೆಲಸದ ಕರಾರು. ಅಲ್ಲಿ ದುಡಿಯಲು ಹೋಗುವ ಸಾಮಾನ್ಯರ ವಾಸ್ತವ್ಯ ಅವರ ಉದ್ಯೋಗಕ್ಕೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ನಿಗದಿತ ಅವಧಿಯೊಳಗೆ ಬೇರೊಂದನ್ನು ಹುಡುಕಿಕೊಳ್ಳಬೇಕು, ಇಲ್ಲವೇ ಮರಳಬೇಕು. 'ಈಗ ಪ್ರವಾಸಿ ವೀಸಾದ ಮೇಲೆ ಬನ್ನಿ, ಆಮೇಲೆ ಸರಿಪಡಿಸೋಣ' ಎನ್ನುವ ಮಧ್ಯವರ್ತಿಗಳ ಮಾತಿಗೆ ಮರುಳಾಗಬಾರದು. ಆ ವೀಸಾದ ಮೇಲೆ ದುಡಿಯುವುದು ಕಾನೂನುಬಾಹಿರ. ಹಾಗೆ ದುಡಿದವನಿಗೆ ಸಂಬಳ ಬಾರದಿದ್ದರೆ ದೂರುವುದೂ ಕಷ್ಟ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ವೆಚ್ಚವನ್ನು ಮಾಲೀಕನು ನೌಕರನಿಂದ ವಸೂಲು ಮಾಡುವಂತಿಲ್ಲ, ಪಾಸ್‌ಪೋರ್ಟನ್ನು ತನ್ನ ಬಳಿ ಇರಿಸಿಕೊಳ್ಳುವಂತೆಯೂ ಇಲ್ಲ. ಹತ್ತನೆಯ ತರಗತಿ ಮುಗಿಸದವರು ನಮ್ಮ ಸರ್ಕಾರದ ವಲಸೆ ಅನುಮತಿ ಪಡೆದೇ ಹೊರಡಬೇಕು. ನೋಂದಾಯಿತ ಮಧ್ಯವರ್ತಿಯ ಪರವಾನಗಿಯನ್ನು ಪರಿಶೀಲಿಸಿಕೊಳ್ಳಬೇಕು.

ಸಂಬಳದ ಒಟ್ಟು ಮೊತ್ತವನ್ನಷ್ಟೇ ಕಂಡು ಹಿಗ್ಗದೆ ಮೂಲ ವೇತನವೆಷ್ಟೆಂದು ನೋಡಬೇಕು. ಏಕೆಂದರೆ ಸೇವೆ ಬಿಡುವಾಗ ದೊರೆಯುವ ಉಪದಾನವನ್ನು ಅದರ ಮೇಲೆಯೇ ಲೆಕ್ಕ ಹಾಕುತ್ತಾರೆ: ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರ ವರ್ಷಕ್ಕೆ 30 ದಿನಗಳ ಮೂಲ ವೇತನ. ಒಂದು ವರ್ಷ ತುಂಬುವ ಮುನ್ನ ಬಿಟ್ಟವರಿಗೆ ಅದು ದೊರೆಯದು.

ಮನೆಯ ಬಾಡಿಗೆಯೇ ಅಲ್ಲಿನ ದೊಡ್ಡ ಖರ್ಚು. ತಿಂಗಳು ತಿಂಗಳು ಕೊಡುವ ನಮ್ಮ ರೂಢಿ ಅಲ್ಲಿ ವಿರಳ. ವರ್ಷದ ಬಾಡಿಗೆಯನ್ನು ಒಂದೋ ನಾಲ್ಕೋ ಮುಂದಿನ ದಿನಾಂಕದ ಚೆಕ್ಕುಗಳಲ್ಲಿ ಮುಂಚಿತವಾಗಿ ಬರೆದುಕೊಡುವ ಪದ್ಧತಿಯಿದೆ. ಕರಾರನ್ನು 'ಇಜಾರಿ' ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ನೀರು ವಿದ್ಯುತ್ತಿನ ಬಿಲ್ಲಿನೊಡನೆ ವಾರ್ಷಿಕ ಬಾಡಿಗೆಯ ಶೇ. 5ರಷ್ಟು ನಗರಸಭೆಯ ಶುಲ್ಕವೂ ಸೇರಿಬರುತ್ತದೆ. ಆದ್ದರಿಂದ ಮೊದಲು ಒಬ್ಬರೇ ಹೋಗಿ, ಜಮಾ ಖರ್ಚು ಅರಿತು, ಬಳಿಕ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ವಿವೇಕ. ಪದವಿ ಪತ್ರ, ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪತ್ರಗಳಿಗೆ ದೃಢೀಕರಣವನ್ನು ಇಲ್ಲಿಯೇ ಮಾಡಿಸಿಕೊಂಡರೆ ಆಮೇಲಿನ ಅಲೆದಾಟ ತಪ್ಪುತ್ತದೆ.

ಮೂರನೆಯದು ನಡೆ ನುಡಿ. ರಂಜಾನ್ ಮಾಸದ ಹಗಲಿನಲ್ಲಿ ಉಪವಾಸವಿರುವವರೆದುರು ಉಣ್ಣದಿರುವುದು ಸೌಜನ್ಯ. ಮೆಟ್ರೋ ರೈಲಿನಲ್ಲಿ ತಿಂಡಿ ತಿಂದರೆ ಯಾವ ಕಾಲದಲ್ಲಾದರೂ ದಂಡ. ಒಪ್ಪಿಗೆಯಿಲ್ಲದೆ ಪರರ ಚಿತ್ರ ತೆಗೆಯುವುದು, ಮೊಬೈಲಿನಲ್ಲಿ ಬೈಗುಳ ಕಳುಹಿಸುವುದು ಶಿಕ್ಷಾರ್ಹ. ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಜಾತ್ರೆಗೆಂದು, ದಾಸೋಹಕ್ಕೆಂದು, ಊರಿನ ಬಡ ರೋಗಿಗೆಂದು ಸ್ನೇಹಿತರಲ್ಲಿ ಚಂದಾ ಎತ್ತುವುದು ನಮ್ಮಲ್ಲಿ ಪುಣ್ಯಕಾರ್ಯ. ಅಲ್ಲಿ ಪರವಾನಗಿಯಿಲ್ಲದೆ ಅದನ್ನು ಮಾಡಿದರೆ ಕಾನೂನಿನ ಉಲ್ಲಂಘನೆ. ಉದ್ದೇಶ ಎಷ್ಟೇ ಪವಿತ್ರವಾಗಿದ್ದರೂ ವಿನಾಯಿತಿಯಿಲ್ಲ. ಮನೆಯೊಳಗಿನ ಪೂಜೆ ಪ್ರಾರ್ಥನೆಗಳಿಗೆ ಅಡ್ಡಿಯೇನಿಲ್ಲ. ಜಬಲ್ ಅಲಿಯಲ್ಲಿ 2022ರ ಅಕ್ಟೋಬರಿನಲ್ಲಿ ವಿಶಾಲವಾದ ದೇವಾಲಯವೊಂದು ತೆರೆದಿದೆ.

ಕೊನೆಯದಾಗಿ, ಬೇಸಗೆಯಲ್ಲಿ ಅಲ್ಲಿನ ಬಿಸಿಲು 45 ಡಿಗ್ರಿ ದಾಟುತ್ತದೆ. ಅದಕ್ಕಾಗಿಯೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ದುಡಿಸುವಂತಿಲ್ಲ. ಮಕ್ಕಳು ಕಳುಹಿಸುವ ಹಣ ಇಂತಹ ನೆಲದಲ್ಲಿ ಗಳಿಸಿದ್ದು ಎಂಬುದನ್ನು ಊರಿನಲ್ಲಿರುವ ತಂದೆತಾಯಿಗಳು ನೆನೆಯಬೇಕು. ಸಾಲ ಮಾಡಿ ಮನೆ ಕಟ್ಟುವ, ಅದ್ದೂರಿ ಮದುವೆ ಮಾಡುವ ಒತ್ತಡವನ್ನು ಅವರ ಮೇಲೆ ಹೇರಬಾರದು. ದುಬೈ ದುಡಿಮೆಗೆ ಮನ್ನಣೆ ಕೊಡುವ ಊರು. ಆದರೆ ಹೆಚ್ಚಿನವರಿಗೆ ಅದು ಕರಾರಿನ ಊರು, ಒಂದು ದಿನ ಮರಳಲೇಬೇಕಾದ ಊರು. ಹೊರಡುವ ದಿನವೇ ಮರಳುವ ದಿನಕ್ಕೂ ಒಂದಿಷ್ಟು ಉಳಿತಾಯದ ಸಂಕಲ್ಪ ಮಾಡಿದವರು, ಕಾಗದಪತ್ರಗಳನ್ನು ಶುದ್ಧವಾಗಿಟ್ಟುಕೊಂಡವರು, ಅಲ್ಲಿನ ನೆಲದ ಕಟ್ಟಳೆಗೆ ತಲೆಬಾಗಿ ಕಾಯಕ ಮಾಡಿದವರು ತಲೆಯೆತ್ತಿ ಮನೆಗೆ ಬರುತ್ತಾರೆ. ನಮ್ಮ ಮಕ್ಕಳೆಲ್ಲರೂ ಹಾಗೆ ಬರಲಿ ಎಂಬುದೇ ನಮ್ಮ ಹಾರೈಕೆ.