ಮುಳ್ಳುಬಾಲ

ನಮ್ಮ ಮನೆಯ ಹಜಾರದಲ್ಲಿ ಒಂದು ಸಮುದ್ರವಿದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಬೆಂಗಳೂರು ಕಡಲಮಟ್ಟಕ್ಕಿಂತ 900 ಮೀಟರು ಎತ್ತರದಲ್ಲಿರುವ ಊರು. ಮಂಗಳೂರಿನ ಕಡಲು ನೋಡಬೇಕಾದರೆ ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಘಟ್ಟ ಇಳಿಯಬೇಕು. ಇಂಥ ಊರಿನಲ್ಲಿ, ಅದೂ ಮೊದಲನೆಯ ಮಹಡಿಯ ಬಾಡಿಗೆ ಮನೆಯಲ್ಲಿ, ಸಮುದ್ರವನ್ನು ಸಾಕುವ ಉಸಾಬರಿ ಏಕೆಂದು ಮನೆಯ ಮಾಲೀಕರು ಕೇಳಿದ್ದಾರೆ, ನನ್ನ ಹೆಂಡತಿ ಕೇಳಿದ್ದಾಳೆ, ನಾನೂ ಕೇಳಿಕೊಂಡಿದ್ದೇನೆ. ಮೂವರಿಗೂ ಉತ್ತರ ಒಂದೇ: ನನ್ನ ಮಗಳು.

2003ರಲ್ಲಿ ಬಂದ ಮೀನುಗಳ ಸಿನಿಮಾವೊಂದರಲ್ಲಿ ಡೋರಿ ಎಂಬ ಮರೆಗುಳಿ ನೀಲಿ ಮೀನು ಬರುತ್ತದಲ್ಲ, ಅದು ಅವಳಿಗೆ ಬೇಕಾಯಿತು. ಅದರ ಕುಲಕ್ಕೆ ಇಂಗ್ಲಿಷಿನಲ್ಲಿ ಸರ್ಜನ್ ಫಿಷ್ ಎನ್ನುತ್ತಾರೆ. ಬಾಲದ ಬುಡದಲ್ಲಿ ಎರಡು ಪಕ್ಕಕ್ಕೂ ಒಂದೊಂದು ಅಲಗು. ಬೇಡವಾದಾಗ ಜೇಬುಚಾಕುವಿನಂತೆ ಮಡಿಚಿ ಗೀರಿನೊಳಗೆ ಇಟ್ಟುಕೊಳ್ಳುತ್ತದೆ, ಕೋಪ ಬಂದರೆ ಹೊರತೆಗೆಯುತ್ತದೆ. ಕನ್ನಡದಲ್ಲಿ ಇದಕ್ಕೇನೆನ್ನಬೇಕು? ಮೇಷ್ಟರ ಮನಸ್ಸು ಎಲ್ಲಿದ್ದರೂ ಇಂಥದಕ್ಕೇ ತಡವರಿಸುತ್ತದೆ. 'ಶಸ್ತ್ರವೈದ್ಯಮೀನು' ಎಂದು ಹೇಳಿಕೊಟ್ಟರೆ ಮಗಳು ನಕ್ಕುಬಿಟ್ಟಳು. ಆಮೇಲೆ ನೋಡಿದರೆ ಅದರ ಶಾಸ್ತ್ರೀಯ ನಾಮವಾದ ಅಕ್ಯಾಂಥೂರಸ್ ಎಂಬುದಕ್ಕೆ ಗ್ರೀಕಿನಲ್ಲಿ ಮುಳ್ಳುಬಾಲ ಎಂದೇ ಅರ್ಥ. ಬಾಲದಲ್ಲಿ ಮುಳ್ಳು ಉಳ್ಳದ್ದು ಯಾವುದೋ ಅದು; ಲಕ್ಷಣವಾದ ಬಹುವ್ರೀಹಿ. ಹೆಸರು ಸಿಕ್ಕಿತು, ಇನ್ನು ಮೀನೊಂದು ಬಾಕಿ.

ಮೀನಿಗಿಂತ ಮೊದಲು ನೀರು ಆಗಬೇಕು. ತೊಟ್ಟಿ ಸುಮಾರು 240 ಲೀಟರು ಹಿಡಿಯುತ್ತದೆ. ಲೀಟರಿಗೆ 35 ಗ್ರಾಮಿನಂತೆ ಎಂಟು ಕಿಲೋಗೂ ಮಿಕ್ಕ ಉಪ್ಪು. ಅಡುಗೆಮನೆಯ ಉಪ್ಪು ನಡೆಯದು. ಮೆಗ್ನೀಷಿಯಂ, ಕ್ಯಾಲ್ಸಿಯಂ ಎಲ್ಲ ಹದವಾಗಿ ಬೆರೆತ, ಇದಕ್ಕೆಂದೇ ಮಾರುವ ಉಪ್ಪೇ ಬೇಕು. ಅದರ ಬೆಲೆ ಕೇಳಿ ನನ್ನ ಹೆಂಡತಿ, "ಗಾಂಧೀಜಿ ದಂಡಿಗೆ ನಡೆದು ಹೋದದ್ದು ಸುಮ್ಮನೆ ಅಲ್ಲ ಬಿಡಿ" ಅಂದಳು. ಉಪ್ಪು ಕರಗಿತೆಂದು ಮೀನು ಬಿಡುವಂತೆಯೂ ಇಲ್ಲ. ಮೀನು ಹೊರಬಿಡುವ ಅಮೋನಿಯವನ್ನು ತಿಂದು ನೈಟ್ರೈಟು ಮಾಡುವ, ಆ ನೈಟ್ರೈಟನ್ನು ನೈಟ್ರೇಟು ಮಾಡುವ ಸೂಕ್ಷ್ಮಾಣುಗಳು ಕಲ್ಲುಗಳಲ್ಲಿ ಬಿಡಾರ ಹೂಡಬೇಕು. ಅದಕ್ಕೆ ಆರು ವಾರ. ಅಷ್ಟು ದಿನವೂ ಮನೆಗೆ ಬಂದವರು ದೀಪ ಹಾಕಿದ ಖಾಲಿ ತೊಟ್ಟಿಯನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು. "ಮೇಷ್ಟ್ರೇ, ಮೀನೆಲ್ಲಿ?" ಎಂದು ಕೇಳಿದ ಕೆಳಗಿನ ಮನೆಯವರಿಗೆ "ಇನ್ನೂ ನೀರು ಹಣ್ಣಾಗಬೇಕು" ಎಂದೆ. ಅವರು ಮರುಮಾತಾಡದೆ ಇಳಿದುಹೋದರು.

ಕೊನೆಗೊಂದು ದಿನ ಅಂಗಡಿಗೆ ಹೋದೆವು. ಡೋರಿ ಇರಲಿಲ್ಲ. "ಇದೂ ನೀಲೀನೇ ಸಾರ್" ಎಂದು ಅಂಗಡಿಯವನು ತೋರಿಸಿದ್ದು ಅದೇ ಕುಲದ ಇನ್ನೊಂದು: ಮಳೆ ಬಿಟ್ಟ ಬೆಳಗಿನ ಆಕಾಶದಂಥ ಮೈ, ಕಪ್ಪು ಮುಖ, ಬಿಳಿಯ ಗದ್ದ, ಬೆನ್ನುದ್ದಕ್ಕೂ ಹಳದಿ ರೆಕ್ಕೆ. ಇಂಗ್ಲಿಷಿನವರು ಪೌಡರ್ ಬ್ಲೂ ಎನ್ನುತ್ತಾರೆ. ನಮ್ಮ ಹಿಂದೂ ಮಹಾಸಾಗರದ್ದೇ. ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ಹವಳದ ದಿಬ್ಬಗಳಲ್ಲಿ ಹಿಂಡುಹಿಂಡಾಗಿ ಮೇಯುವಂಥದು. "ಎಲ್ಲಿಯದಪ್ಪ ಇದು?" ಎಂದೆ. "ಸಮುದ್ರದ್ದು ಸಾರ್" ಎಂದ.

ಇದಕ್ಕೆ ಆರಡಿಯ ತೊಟ್ಟಿಯಾದರೂ ಬೇಕೆಂದು ನಾನು ಓದಿದ್ದೆ. ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಬೇಕೆಂಬುದನ್ನೂ ಓದಿದ್ದೆ. ಕ್ವಾರಂಟೈನ್ ಎಂಬ ಮಾತು 2020ರಲ್ಲಿ ನಮಗೆಲ್ಲ ಕಂಠಪಾಠವಾದದ್ದೇ. ಆದರೆ ಮರುದಿನ ಮಗಳ ಹುಟ್ಟುಹಬ್ಬ. ಅವಳ ಗೆಳತಿಯರು ಬರುವವರಿದ್ದರು. ಮೀನನ್ನು ನೇರವಾಗಿ ದೊಡ್ಡ ತೊಟ್ಟಿಗೇ ಬಿಟ್ಟೆ.

ಒಂದು ವಾರ ನಮ್ಮ ಮನೆಯಲ್ಲಿ ಯಾರೂ ಟೀವಿ ಹಾಕಲಿಲ್ಲ. ಅದು ಪಾಚಿ ತಿನ್ನುವ ಪ್ರಾಣಿ. ಬೆಳಗಿನಿಂದ ಸಂಜೆಯವರೆಗೆ, ಬದುವಿನ ಮೇಲೆ ಬಿಟ್ಟ ಹಸುವಿನ ಹಾಗೆ, ಕಲ್ಲನ್ನು ಕೆರೆದು ಕೆರೆದು ಮೇಯುತ್ತಿತ್ತು. ಮೇಲೆ ಒಣಗಿಸಿದ ಕಡಲಸೊಪ್ಪಿನ ಹಾಳೆಯನ್ನು ಮಗಳು ಕ್ಲಿಪ್ಪಿನಿಂದ ಗಾಜಿಗೆ ಸಿಕ್ಕಿಸುತ್ತಿದ್ದಳು. "ಸಸ್ಯಾಹಾರಿ ಮೀನು" ಎಂದು ನನ್ನ ತಾಯಿ ಅದರ ಬಗ್ಗೆ ಒಳ್ಳೆಯ ಅಭಿಪ್ರಾಯ ತಳೆದರು. ನನಗೆ ಮಾತ್ರ ಒಂದು ಇರುಸುಮುರುಸು. ಅದು ಈ ಕೊನೆಯಿಂದ ಹೊರಟರೆ ಬಾಲವನ್ನು ಎರಡು ಸಲ ಬೀಸುವಷ್ಟರಲ್ಲಿ ಆ ಕೊನೆ ಬಂದುಬಿಡುತ್ತಿತ್ತು. ತಿರುಗುತ್ತಿತ್ತು. ಮತ್ತೆ ತಿರುಗುತ್ತಿತ್ತು.

ಎಂಟನೆಯ ದಿನ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಂಡವು. ಕ್ರಿಪ್ಟೊಕ್ಯಾರಿಯಾನ್ ಎಂಬ ಏಕಕೋಶಜೀವಿಯ ಕೆಲಸ. ಮುಳ್ಳುಬಾಲಗಳಿಗೆ, ಅದರಲ್ಲೂ ಈ ನೀಲಿಗೆ, ಅದು ಬಹಳ ಬೇಗ ತಗಲುತ್ತದೆ. ಕೆಲವು ದಿನ ಮೀನಿನ ಚರ್ಮದೊಳಗೆ ಉಂಡು, ಉದುರಿ, ತಳದ ಮರಳಿನಲ್ಲಿ ಗೂಡು ಕಟ್ಟಿ, ಒಂದು ನೂರಾರಾಗಿ ಒಡೆದು ಹೊಸ ಮೀನನ್ನು ಹುಡುಕಿ ಹೊರಡುತ್ತದೆ. ಒಂದೆರಡು ದಿನದಲ್ಲಿ ಸಿಗದಿದ್ದರೆ ಸಾಯುತ್ತದೆ. ಕಡಲಿನಲ್ಲಿ ಹಾಗೆ ಹೊರಟವುಗಳಲ್ಲಿ ಎಷ್ಟೋ ದಾರಿ ತಪ್ಪಿಯೇ ಸಾಯುತ್ತವೆ. ಅಷ್ಟರಲ್ಲಿ ಮೀನು ಎಲ್ಲೋ ಹೋಗಿರುತ್ತದೆ. ನಾಲ್ಕಡಿಯ ಗಾಜಿನೊಳಗೆ ದಾರಿ ತಪ್ಪುವುದು ಹೇಗೆ? ನೂರಕ್ಕೆ ನೂರೂ ಅದೇ ಮೀನಿಗೆ ಮರಳಿದವು.

ತಾಮ್ರದ ಔಷಧಿ ಉಂಟು. ಅದನ್ನು ದೊಡ್ಡ ತೊಟ್ಟಿಗೆ ಹಾಕಿದರೆ ಬಸವನಹುಳುಗಳು ಸಾಯುತ್ತವೆ. ಮೀನನ್ನೇ ಹೊರತೆಗೆದು ಬೇರೆ ನೀರಿನಲ್ಲಿಡಬೇಕು. ರಾತ್ರಿ ಹತ್ತು ಗಂಟೆಗೆ ಬಲೆ ಹಾಕಿದೆ. ಅಲಗು ಬಲೆಯ ದಾರಕ್ಕೆ ಸಿಕ್ಕಿಕೊಂಡಿತು. ಬಿಡಿಸಲು ಕೈಯಿಟ್ಟೆ, ಹೆಬ್ಬೆರಳನ್ನು ಹಸನಾಗಿ ಸೀಳಿಬಿಟ್ಟಿತು. ಇಂಗ್ಲಿಷಿನವರು ಇಟ್ಟ ಹೆಸರು ಸುಳ್ಳಲ್ಲವೆಂದು ಆಗ ಒಪ್ಪಿದೆ. ಬಕೆಟ್ಟಿನಲ್ಲಿ ಅದು ಒಂದು ರಾತ್ರಿ, ಒಂದು ಹಗಲು ಇತ್ತು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಆಕಾಶದ ಬಣ್ಣ ಬೂದಿಯಾಗಿತ್ತು.

ಅವಳು ಅಳಲಿಲ್ಲ. "ಹುಟ್ಟುಹಬ್ಬ ಮುಂದಿನ ತಿಂಗಳು ಮಾಡಬಹುದಾಗಿತ್ತು, ಅಪ್ಪ" ಎಂದಳು. ಬೆರಳಿನ ಗಾಯ ವಾರದಲ್ಲಿ ಮಾಯಿತು.

ತೊಟ್ಟಿಯಲ್ಲಿ ಉಳಿದಿರುವ ರೋಗ ಹಸಿದು ಸಾಯಬೇಕಾದರೆ ಹತ್ತು ಹನ್ನೊಂದು ವಾರ ಅದರಲ್ಲಿ ಮೀನಿರಬಾರದು. ಆ ಬಿಡುವಿನಲ್ಲಿ ಮತ್ತಷ್ಟು ಓದಿದೆ. ಇದರ ದಾಯಾದಿಯಾದ ಹಳದಿ ಮುಳ್ಳುಬಾಲವನ್ನು 2015ರಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟಿನವರು ಮೊಟ್ಟಮೊದಲಿಗೆ ತೊಟ್ಟಿಯಲ್ಲೇ ಮರಿಮಾಡಿ ಬೆಳೆಸಿದರಂತೆ. ಅಂಥದನ್ನು ತಂದರೆ ಕಡಲಿನಿಂದ ಕಿತ್ತು ತಂದ ಪಾಪವಿಲ್ಲ. ಹಾಗೆಂದು ಉತ್ಸಾಹದಿಂದ ಹಾಳೆ ಮಗುಚಿದರೆ, ಹವಾಯಿಯ ಕಡಲಿನಲ್ಲಿ ಆ ಜಾತಿಯ ಮೀನು 41 ವರ್ಷ ಬದುಕಿದ ಲೆಕ್ಕ ಕಂಡಿತು. ನನ್ನ ವಯಸ್ಸು ಹೆಚ್ಚುಕಡಿಮೆ ಅಷ್ಟೇ. ಈಗ ಒಂದು ಮರಿ ತಂದರೆ ಅದು ನಮ್ಮ ಹಜಾರದಲ್ಲಿ ತಿರುಗುತ್ತ, ತಿರುಗುತ್ತ, ನನ್ನ ಕ್ರಿಯಾಕರ್ಮಕ್ಕೆ ಬಂದವರನ್ನೂ ನೋಡಬಹುದು. ಪುಸ್ತಕವನ್ನು ಮುಚ್ಚಿಟ್ಟೆ.

ಹನ್ನೊಂದು ವಾರ ಮೊನ್ನೆಗೆ ಮುಗಿಯಿತು. ಮಗಳು ಮೀನಿನ ಮಾತೆತ್ತಿಲ್ಲ, ನಾನೂ ಎತ್ತಿಲ್ಲ. ತೊಟ್ಟಿಯ ನೀರು ದಿನವೂ ಆವಿಯಾಗುತ್ತದೆ. ಉಪ್ಪು ಹೋಗುವುದಿಲ್ಲ, ಆದ್ದರಿಂದ ಸಿಹಿನೀರನ್ನೇ ಹಾಕಬೇಕು. ಗಾಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದಿದ್ದಾಳೆ. ಶಾಲೆಯಿಂದ ಬಂದವಳೇ ಚೀಲ ಇಳಿಸಿ, ಫಿಲ್ಟರಿನ ನೀರು ಹಿಡಿದು, ಗೆರೆ ಮುಟ್ಟುವವರೆಗೆ ಹುಯ್ಯುತ್ತಾಳೆ. ನಿನ್ನೆ ಸೆಕೆ ಜಾಸ್ತಿಯಿತ್ತು. ಎರಡು ಚೊಂಬು ಹಿಡಿಸಿತು.